ಸಬ್‌ವೂಫರ್ ಆಂಪ್ಲಿಫೈಯರ್
ಸುಮಾರು 20ರಿಂದ 120 ಹರ್ಟ್ಸ್‌ವರೆಗಿನ ಮಂದ್ರ ಧ್ವನಿ ಹೊರಡಿಸುವ ಸ್ಪೀಕರ್‌ಗೆ ಶಕ್ತಿ ಒದಗಿಸುವ ಸಾಧನ.

ಆಯ್ಕೆ: ಸ್ಪೀಕರ್ 4 ಓಮ್‌ನದಾದರೆ ಆಂಪ್ಲಿಫೈಯರ್ ಆ ಹೊರೆಯನ್ನು ತಾಳುವಂತಿರಬೇಕು. ಪೆಟ್ಟಿಗೆಯ ಮೇಲಿನ ಪಿಎಂಪಿಒ (ಕ್ಷಣಿಕ ಗರಿಷ್ಠ ಶಕ್ತಿ) ಅಂಕಿಯನ್ನು ಬಿಟ್ಟು ಆರ್‌ಎಂಎಸ್ (ನಿರಂತರ ಶಕ್ತಿ) ವ್ಯಾಟ್ ನೋಡಬೇಕು. ವ್ಯಾಟ್ ಇಮ್ಮಡಿಯಾದರೂ ಧ್ವನಿಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಡಿ ದರ್ಜೆಯ ಆಂಪ್ಲಿಫೈಯರ್‌ಗಳು ಎಬಿ ದರ್ಜೆಯವುಗಳಿಗಿಂತ ಕಡಿಮೆ ಬಿಸಿಯಾಗುತ್ತವೆ. ಮಂದ್ರ ಧ್ವನಿಯನ್ನಷ್ಟೇ ಹಾಯಿಸುವ ಲೋ ಪಾಸ್ ಫಿಲ್ಟರ್ ಆಂಪ್ಲಿಫೈಯರ್‌ನಲ್ಲಿ ಇಲ್ಲದಿದ್ದರೆ ಪ್ರತ್ಯೇಕವಾಗಿ ಜೋಡಿಸಬೇಕು.

ಬೆಂಗಳೂರಿನಲ್ಲಿ: ಎಸ್‌.ಪಿ. ರಸ್ತೆಯಲ್ಲಿ ಬಿಡಿ ಬೋರ್ಡ್‌ಗಳೂ ದೊರೆಯುತ್ತವೆ. ತಕ್ಕ ಪವರ್ ಸಪ್ಲೈ ಇಲ್ಲದೆ ಅವು ಪೂರ್ಣ ಶಕ್ತಿ ಕೊಡಲಾರವು. ಗವಿಪುರದಂಥ ಹಳೆಯ ಬಡಾವಣೆಯ ಒತ್ತೊತ್ತಾದ ಮನೆಗಳಲ್ಲಿ ಮಂದ್ರ ಧ್ವನಿ ಗೋಡೆ ದಾಟುತ್ತದೆ. ಅಲ್ಲಿನ ಚಿಕ್ಕ ನಡುಮನೆಯಲ್ಲಿ ಮೃದಂಗದ ಗುಮ್ಕಿ (ಎಡಬದಿಯ ಮಂದ್ರ ನಾದ) ಸ್ಪಷ್ಟವಾಗಿ ಕೇಳಲು ಹೆಚ್ಚು ವ್ಯಾಟ್‌ಗಿಂತ ಕಡಿಮೆ ವಿರೂಪವೇ ಮುಖ್ಯ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದಮಿತಿ 45 ಡೆಸಿಬೆಲ್.