ವಿಶ್ವಕೋಶದ ಹಿಂಬದಿಯ ಪುಟ

ನಮ್ಮ ಮನೆಗಳಲ್ಲಿರುವ ಹಳೆಯ ಜಪದ ಪುಸ್ತಕವನ್ನೋ ಧರ್ಮೋಪದೇಶದ ಪುಸ್ತಕವನ್ನೋ ತೆರೆದರೆ, ಮೊದಲ ಹಾಳೆಯ ಹಿಂಬದಿಯಲ್ಲಿ 'ಇಂಪ್ರಿಮಾತುರ್' ಎಂಬ ಲತೀನ್ ಪದವೂ ಅದರ ಜೊತೆಗೆ ಧರ್ಮಾಧ್ಯಕ್ಷರೊಬ್ಬರ ಹೆಸರೂ ಕಾಣುವುದುಂಟು. 'ಅಚ್ಚಾಗಲಿ' ಎಂದು ಅದರ ಅರ್ಥ. ಪುಸ್ತಕದಲ್ಲಿ ವಿಶ್ವಾಸಕ್ಕಾಗಲಿ ನೀತಿಗಾಗಲಿ ವಿರುದ್ಧವಾದುದು ಏನೂ ಇಲ್ಲವೆಂಬುದಷ್ಟೇ ಆ ಅಪ್ಪಣೆಯ ತಾತ್ಪರ್ಯ. ಗ್ರಂಥಕರ್ತನ ಪ್ರತಿಯೊಂದು ಅಭಿಪ್ರಾಯವನ್ನೂ ಧರ್ಮಾಧ್ಯಕ್ಷರು ಒಪ್ಪಿದ್ದಾರೆಂದು ಅಲ್ಲ. ಈ ಪುಟ್ಟ ಪದವನ್ನು ಕುರಿತು 2005ರ ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಒಂದು ವಾಗ್ವಾದ ನಡೆಯಿತು.

ವಿಕಿಪೀಡಿಯಾವನ್ನು ಇಂದು ಬಳಸದ ವಿದ್ಯಾರ್ಥಿ ವಿರಳ. ಆದರೆ ಅದನ್ನು ಬರೆಯುವವರು ಸಂಬಳವಿಲ್ಲದ ಸ್ವಯಂಸೇವಕರು ಎಂಬುದು ಹಲವು ತಂದೆತಾಯಿಗಳಿಗೆ ತಿಳಿದಿರಲಾರದು. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬ ಇಬ್ಬರು ಅಮೆರಿಕನ್ನರು ಮೊದಲು 2000ದಲ್ಲಿ ಆರಂಭಿಸಿದ್ದು 'ನ್ಯುಪೀಡಿಯಾ' ಎಂಬ ವಿಶ್ವಕೋಶವನ್ನು. ಅಲ್ಲಿ ಪ್ರತಿಯೊಂದು ಲೇಖನವೂ ವಿದ್ವಾಂಸರ ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಿತ್ತು. ಪರಿಣಾಮವಾಗಿ ಮೊದಲ ವರ್ಷದಲ್ಲಿ ಸಿದ್ಧವಾದುವು ಇಪ್ಪತ್ತೊಂದೇ ಲೇಖನಗಳು! 2001ರ ಜನವರಿ 15ರಂದು ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟ ವಿಕಿಪೀಡಿಯಾ ಹುಟ್ಟಿತು. ಕನ್ನಡದ ಆವೃತ್ತಿ 2003ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಬರೆಯಬಹುದು, ಇನ್ನೊಬ್ಬರು ಬರೆದುದನ್ನು ತಿದ್ದಬಹುದು, ತಿದ್ದಿದ್ದನ್ನು ಮೂರನೆಯವರು ಅಳಿಸಬಹುದು. ಹೀಗಾದ ಮೇಲೆ ಜಗಳ ಹುಟ್ಟದಿದ್ದೀತೇ?

ಆದ್ದರಿಂದ ಪ್ರತಿಯೊಂದು ಲೇಖನದ ಹಿಂದೆಯೂ ಒಂದು ಚರ್ಚಾಪುಟವಿರುತ್ತದೆ. ಓದುಗರಲ್ಲಿ ಹೆಚ್ಚಿನವರು ಅತ್ತ ಸುಳಿಯುವುದಿಲ್ಲ. ಯಾವ ವಾಕ್ಯವನ್ನು ಯಾವ ದಿನ ಯಾರು ಸೇರಿಸಿದರು, ಯಾರು ಅಳಿಸಿದರು, ಏಕೆ ಅಳಿಸಿದರು ಎಂಬುದೆಲ್ಲ ಅಲ್ಲಿಯೂ ಲೇಖನದ ಇತಿಹಾಸದಲ್ಲಿಯೂ ದಾಖಲಾಗಿರುತ್ತದೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಬ್ಬನು ಇತರರ ತಿದ್ದುಪಡಿಗಳನ್ನು ಮೂರು ಬಾರಿಗಿಂತ ಹೆಚ್ಚು ಅಳಿಸಿಹಾಕುವಂತಿಲ್ಲವೆಂಬ ನಿಯಮ ಬಂತು. ಎದುರಿಗಿರುವವನು ಸದುದ್ದೇಶದಿಂದಲೇ ಮಾತನಾಡುತ್ತಿದ್ದಾನೆಂದು ಮೊದಲು ಭಾವಿಸಬೇಕೆಂಬುದು ಇನ್ನೊಂದು ನಿಯಮ. ಇದನ್ನು ಓದಿದಾಗ ಸಂತ ಲೊಯೋಲಾದ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಅಭ್ಯಾಸಗಳ ಆರಂಭದಲ್ಲಿಯೇ ಇಟ್ಟಿರುವ ಷರತ್ತು ನೆನಪಾಗದೆ ಇರದು: ನೆರೆಯವನ ಮಾತನ್ನು ಖಂಡಿಸುವ ಮೊದಲು ಅದಕ್ಕೆ ಒಳ್ಳೆಯ ಅರ್ಥ ಹುಡುಕಬೇಕೆಂದು ಅವರು ಹೇಳಿದ್ದರು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಮತ್ತೊಂದಿದೆ. ಬರೆದುದಕ್ಕೆ ಯಾರು ಬೇಕಾದರೂ ತೆರೆದು ನೋಡಬಹುದಾದ ಆಧಾರವಿರಬೇಕು. ಬರೆದವನು ಯಾರೆಂಬುದು ಆಧಾರವಾಗದು.

'ಇಂಪ್ರಿಮಾತುರ್' ಲೇಖನದ ವಿವಾದದಲ್ಲಿ ಮುರಿದುಬಿದ್ದದ್ದು ಈ ನಿಯಮವೇ. ಎಸ್‌ಜೇ ಎಂಬ ಗುಪ್ತನಾಮದ ಸಂಪಾದಕನೊಬ್ಬನು ತಾನು ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ, ಧರ್ಮಸಭಾ ಕಾನೂನನ್ನು ಓದಿದ ಪ್ರಾಧ್ಯಾಪಕನೆಂದು ಹೇಳಿಕೊಂಡಿದ್ದನು. ತನ್ನ ವಾದಕ್ಕೆ ಅವನು ತೋರಿಸಿದ ಆಧಾರ 'ಕ್ಯಾಥೊಲಿಸಿಸಂ ಫಾರ್ ಡಮ್ಮೀಸ್' ಎಂಬ, ಇಬ್ಬರು ಅಮೆರಿಕನ್ ಗುರುಗಳು ಸಾಮಾನ್ಯ ಓದುಗರಿಗಾಗಿ ಬರೆದ ಪರಿಚಯ ಗ್ರಂಥ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಪುಸ್ತಕವನ್ನು ತಾನು ತನ್ನ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ, ಅದರ ವಿಶ್ವಾಸಾರ್ಹತೆಗೆ ತನ್ನ ಡಾಕ್ಟರೇಟನ್ನೇ ಒತ್ತೆಯಿಡುತ್ತೇನೆ ಎಂದು ಅವನು ಸೇರಿಸಿದನು. ಪುಸ್ತಕದ ಪುಟವನ್ನು ತೋರಿಸಿದರೆ ಎದುರಾಳಿಯು ಅದನ್ನು ಓದಿ ಉತ್ತರ ಕೊಡಬಹುದು; ಪದವಿಯನ್ನು ತೋರಿಸಿದರೆ ಪಾಪ, ಅವನೇನು ಉತ್ತರ ಕೊಟ್ಟಾನು?

2006ರ ಜುಲೈನಲ್ಲಿ ಪ್ರಸಿದ್ಧ 'ನ್ಯೂಯಾರ್ಕರ್' ಪತ್ರಿಕೆಯು ವಿಕಿಪೀಡಿಯಾವನ್ನು ಕುರಿತ ದೀರ್ಘ ಲೇಖನದಲ್ಲಿ ಇವನನ್ನು ಪ್ರಾಧ್ಯಾಪಕನೆಂದೇ ಪರಿಚಯಿಸಿತು. 2007ರ ಆರಂಭದಲ್ಲಿ ವೇಲ್ಸ್ ಸಹಸ್ಥಾಪಕರಾಗಿದ್ದ ಕಂಪನಿಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿ, ನಿಜವಾದ ಗುರುತನ್ನು ಹೇಳಬೇಕಾಗಿ ಬಂದಾಗ ಸತ್ಯ ಹೊರಬಿತ್ತು. ಅವನು ಇಪ್ಪತ್ತನಾಲ್ಕು ವರ್ಷದ ಯುವಕ. ಡಾಕ್ಟರೇಟ್ ಇರಲಿಲ್ಲ, ಪ್ರಾಧ್ಯಾಪಕನಾಗಿ ಪಾಠ ಹೇಳಿದವನೂ ಅಲ್ಲ. ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ಗುಪ್ತನಾಮದಲ್ಲಿ ದೋಷವಿಲ್ಲವೆಂದು ಮೊದಲು ಹೇಳಿದ್ದ ವೇಲ್ಸ್, ವಾದಗಳಲ್ಲಿ ಆ ಸುಳ್ಳು ಪದವಿಯನ್ನು ಬಳಸಿದ್ದು ತಿಳಿದ ಮೇಲೆ, ಮಾರ್ಚ್ ತಿಂಗಳಲ್ಲಿ ಅವನ ಹೊಣೆಗಾರಿಕೆಗಳಿಗೆ ರಾಜೀನಾಮೆ ಕೇಳಿದರು. ಆ ವೇಳೆಗೆ ಅವನು ಸಂಪಾದಕರ ಜಗಳಗಳಿಗೆ ಕೊನೆಯ ತೀರ್ಪು ನೀಡುವ ಮಂಡಳಿಯ ಸದಸ್ಯನೂ ಆಗಿದ್ದನೆಂಬುದು ಗಮನಾರ್ಹ. ಇನ್ನು ಮುಂದೆ ಪದವಿಗಳನ್ನು ಪರಿಶೀಲಿಸೋಣವೆಂಬ ಸಲಹೆ ಬಂದಾಗ ಸಂಪಾದಕ ಸಮುದಾಯ ಒಪ್ಪಲಿಲ್ಲ. ನನಗೆ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ. ಪರಿಶೀಲಿಸಿದ ಪದವಿಯೂ ಆಧಾರದ ಜಾಗದಲ್ಲಿ ಕೂರಲಾರದು.

ಎಲ್ಲ ವಿವಾದಗಳೂ ಇಂಥ ವಂಚನೆಯಿಂದ ಹುಟ್ಟುವುದಿಲ್ಲ. ಎರಡೂ ಕಡೆಯವರು ಪ್ರಾಮಾಣಿಕರಾಗಿದ್ದಾಗಲೇ ಜಗಳ ಹೆಚ್ಚು ಕಠಿಣ. ಬಾಲ್ಟಿಕ್ ಕಡಲತೀರದಲ್ಲಿ ಪೋಲೆಂಡ್ ದೇಶದ ಗ್ಡಾನ್ಸ್ಕ್ ಎಂಬ ನಗರವಿದೆ. ಲೆಖ್ ವಾಲೆಸಾ ಅವರ 'ಸಾಲಿಡಾರಿಟಿ' ಚಳವಳಿ 1980ರಲ್ಲಿ ಹುಟ್ಟಿದ್ದು ಅಲ್ಲಿಯೇ. ಜರ್ಮನ್ನರಿಗೆ ಅದು ಡಾನ್ಸಿಗ್. 1308ರಲ್ಲಿ ಟ್ಯುಟಾನಿಕ್ ಯೋಧಸಭೆಯವರು ಅದನ್ನು ವಶಪಡಿಸಿಕೊಂಡರು, ಹದಿನೈದನೆಯ ಶತಮಾನದಲ್ಲಿ ಅದು ಪೋಲಿಷ್ ರಾಜರ ಆಶ್ರಯಕ್ಕೆ ಬಂತು, 1793ರಲ್ಲಿ ಪ್ರಷ್ಯಾ ಪಾಲಾಯಿತು, 1920ರಿಂದ ಸ್ವತಂತ್ರ ನಗರವಾಗಿತ್ತು, 1939ರ ಸೆಪ್ಟೆಂಬರ್ 1ರಂದು ಎರಡನೆಯ ಮಹಾಯುದ್ಧದ ಮೊದಲ ಗುಂಡುಗಳು ಅಲ್ಲಿ ಹಾರಿದವು, 1945ರಲ್ಲಿ ಪೋಲೆಂಡಿಗೆ ಸೇರಿತು. ಹಾಗಾದರೆ ಲೇಖನಗಳಲ್ಲಿ ಅದನ್ನು ಏನೆಂದು ಕರೆಯಬೇಕು? ಪೋಲಿಷ್ ಪಕ್ಷದವರು ಬರೆದುದನ್ನು ಜರ್ಮನ್ ಪಕ್ಷದವರೂ, ಅವರು ಬರೆದುದನ್ನು ಇವರೂ ಅಳಿಸುತ್ತಾ ವರ್ಷಗಳೇ ಕಳೆದವು. ಕೊನೆಗೆ 2005ರ ಫೆಬ್ರವರಿ–ಮಾರ್ಚ್‌ನಲ್ಲಿ ಮತದಾನ ನಡೆಯಿತು. 1308ರಿಂದ 1945ರ ವರೆಗಿನ ಸಂದರ್ಭಗಳಲ್ಲಿ ಡಾನ್ಸಿಗ್, ಅದಕ್ಕೆ ಮೊದಲೂ ಆಮೇಲೂ ಗ್ಡಾನ್ಸ್ಕ್, ಮೊದಲ ಸಲ ಹೆಸರಿಸುವಾಗ ಎರಡೂ ಹೆಸರುಗಳು ಜೊತೆಯಲ್ಲಿ, ಎಂದು ತೀರ್ಮಾನವಾಯಿತು. ಹೊರಗಿನವರಿಗೆ ನಗು ತರಿಸುವ ಜಗಳ. ಮನೆ ಕಳೆದುಕೊಂಡವರ ಮೊಮ್ಮಕ್ಕಳಿಗೆ ಹಾಗಲ್ಲ. ನಮ್ಮ ಕರಾವಳಿಯ ಕೊಂಕಣಿ ಕುಟುಂಬಗಳಿಗಂತೂ ಇದು ಸುಲಭವಾಗಿ ಅರ್ಥವಾಗುತ್ತದೆ: 2015ರಲ್ಲಿ ಬಂದ ಕೊಂಕಣಿ ವಿಕಿಪೀಡಿಯಾದಲ್ಲಿ ದೇವನಾಗರಿ, ಕನ್ನಡ, ರೋಮನ್ ಮೂರೂ ಲಿಪಿಗಳಿಗೆ ಒಂದೇ ಸೂರಿನಡಿ ಎಡೆ ಮಾಡಿಕೊಡಬೇಕಾಯಿತು.

ಇಂಥ ಕಲಹಗಳು ಗಣಕಯಂತ್ರದಿಂದ ಹುಟ್ಟಿದವೆಂದು ತಿಳಿಯುವುದು ಬೇಡ. ನಮ್ಮ ಧರ್ಮಸಭೆಯಲ್ಲಿಯೇ ಅವಕ್ಕೆ ಹಳೆಯ ಪೂರ್ವಜರಿದ್ದಾರೆ. ಸಂತರ ಚರಿತ್ರೆಗಳನ್ನು ಮೂಲ ದಾಖಲೆಗಳಿಂದ ಪರಿಶೋಧಿಸಿ ಪ್ರಕಟಿಸಲು ಯೇಸುಸಭೆಯ ಜಾನ್ ಬೊಲ್ಲಾಂದ್ ಮತ್ತು ಸಂಗಡಿಗರು ಆಂಟ್‌ವರ್ಪ್ ನಗರದಲ್ಲಿ 1643ರಲ್ಲಿ 'ಆಕ್ತಾ ಸಾಂಕ್ತೋರುಮ್' ಮಾಲೆಯ ಮೊದಲ ಸಂಪುಟಗಳನ್ನು ಹೊರತಂದರು. ಅವರ ಉತ್ತರಾಧಿಕಾರಿ ಡೇನಿಯಲ್ ಪಾಪೆಬ್ರೋಕ್ 1675ರಲ್ಲಿ, ಹಳೆಯ ಮಠಗಳ ದಾನಪತ್ರಗಳಲ್ಲಿ ನಕಲಿ ಯಾವುದು ಅಸಲಿ ಯಾವುದು ಎಂಬ ಪ್ರಶ್ನೆ ಎತ್ತಿ, ಫ್ರಾನ್ಸಿನ ಬೆನೆಡಿಕ್ಟ್ ಸಭೆಯ ಸೇಂಟ್ ಡೆನಿಸ್ ಮಠದ ಪತ್ರಗಳನ್ನೂ ಸಂದೇಹಿಸಿದರು. ಮಠದ ಮರ್ಯಾದೆಯ ಪ್ರಶ್ನೆ! ಬೆನೆಡಿಕ್ಟ್ ಸಭೆಯ ಜಾನ್ ಮಾಬಿಯೋನ್ ಕೋಪದ ಉತ್ತರ ಬರೆಯಲಿಲ್ಲ. ಆರು ವರ್ಷ ದುಡಿದು, ಪತ್ರಗಳ ಬರಹ, ಭಾಷೆ, ಮೊಹರು, ತೇದಿ, ಸಹಿಗಳನ್ನು ಹೇಗೆ ಪರೀಕ್ಷಿಸಬೇಕೆಂದು ತೋರಿಸುವ 'ದೆ ರೇ ದಿಪ್ಲೊಮಾತಿಕಾ' ಎಂಬ ಗ್ರಂಥವನ್ನು 1681ರಲ್ಲಿ ಹೊರತಂದರು. ದಾಖಲೆಗಳನ್ನು ಪರಿಶೋಧಿಸುವ ಶಾಸ್ತ್ರವೊಂದು ಅಲ್ಲಿಂದ ಆರಂಭವಾಯಿತು. ಅದನ್ನೋದಿದ ಪಾಪೆಬ್ರೋಕರು ಮಾಬಿಯೋನರಿಗೆ ಪತ್ರ ಬರೆದು, ಮೊದಲು ನೋವಾಯಿತೆಂದು ಮುಚ್ಚಿಡದೆ ಹೇಳಿ, ತಮ್ಮ ವಾದ ಬಿದ್ದುಹೋಯಿತೆಂದು ಒಪ್ಪಿ, ಇಂಥ ಗ್ರಂಥಕ್ಕೆ ತಾವು ನಿಮಿತ್ತವಾದದ್ದೇ ತಮಗೆ ಸಂತೋಷವೆಂದು ತಿಳಿಸಿದರು. ಯಾವ ಚರ್ಚಾಪುಟದಲ್ಲಿಯೂ ಇದಕ್ಕಿಂತ ಸುಂದರವಾದ ಸಾಲು ಸಿಗುವುದು ಕಷ್ಟ.

ಅದೇ ಪಾಪೆಬ್ರೋಕರ ಇನ್ನೊಂದು ವಿವಾದ ಹೀಗೆ ಮುಗಿಯಲಿಲ್ಲ. ಕಾರ್ಮೆಲ್ ಸಭೆಯನ್ನು ಪ್ರವಾದಿ ಎಲೀಯನೇ ಸ್ಥಾಪಿಸಿದನೆಂಬ ನಂಬಿಕೆಗೆ ದಾಖಲೆಯ ಆಧಾರವಿಲ್ಲವೆಂದು ಅವರು 1675ರ ಏಪ್ರಿಲ್ ಸಂಪುಟದಲ್ಲಿ ಬರೆದರು. ಕಾರ್ಮೆಲ್ ಸಭೆಯವರಿಗೆ ಇದು ತಂದೆಯನ್ನೇ ಕಸಿದುಕೊಂಡಂತಾಯಿತು. ದೂರುಗಳು ಸ್ಪೇನಿಗೆ ಮುಟ್ಟಿ, 1695ರಲ್ಲಿ ಅಲ್ಲಿನ ಇನ್‌ಕ್ವಿಸಿಷನ್ ನ್ಯಾಯಪೀಠ ಅವರ ಹದಿನಾಲ್ಕು ಸಂಪುಟಗಳನ್ನು ಖಂಡಿಸಿತು. 1698ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಜಗದ್ಗುರುಗಳು ಕಾರ್ಮೆಲ್ ಸಭೆಯ ಮೂಲವನ್ನು ಕುರಿತು ಎರಡೂ ಪಕ್ಷದವರು ಮೌನದಿಂದಿರಬೇಕೆಂದು ಆಜ್ಞಾಪಿಸಿದರು. ವಿಕಿಪೀಡಿಯಾದವರು ಜಗಳದ ಪುಟಕ್ಕೆ ಬೀಗ ಹಾಕುವುದೂ ಇದೇ ಬಗೆಯದು. ಪಾಪೆಬ್ರೋಕರು 1714ರಲ್ಲಿ ತೀರಿಕೊಂಡರು. ಸ್ಪೇನಿನ ನಿಷೇಧ ತೆರವಾದದ್ದು ಮರುವರ್ಷ, 1715ರಲ್ಲಿ.

ಇಂದು ಕಾರ್ಮೆಲ್ ಸಭೆಯ ಇತಿಹಾಸಕಾರರೇ ತಮ್ಮ ಸಭೆಯು ಸುಮಾರು 1200ರ ಹೊತ್ತಿಗೆ ಕಾರ್ಮೆಲ್ ಬೆಟ್ಟದ ಎಲೀಯನ ಬುಗ್ಗೆಯ ಬಳಿ ನೆಲೆಸಿದ್ದ ಏಕಾಂತವಾಸಿಗಳಿಂದ ಹುಟ್ಟಿತೆಂದು ಬರೆಯುತ್ತಾರೆ. ಎಲೀಯನನ್ನು ಆಧ್ಯಾತ್ಮಿಕ ತಂದೆಯೆಂದು ಗೌರವಿಸುವುದನ್ನು ಬಿಟ್ಟಿಲ್ಲ. ರೋಮ್‌ನ ಸಂತ ಪೇತ್ರರ ಮಹಾದೇವಾಲಯದಲ್ಲಿ ಅವರು 1727ರಲ್ಲಿ ನಿಲ್ಲಿಸಿದ ಎಲೀಯನ ಅಮೃತಶಿಲೆಯ ಪ್ರತಿಮೆ ಈಗಲೂ ಇದೆ. ಅದರ ಕೆಳಗೆ 'ತಮ್ಮ ಸ್ಥಾಪಕನಿಗೆ' ಎಂಬ ಅರ್ಥದ ಲತೀನ್ ಬರಹವನ್ನು ಓದಬಹುದು. ಬೊಲ್ಲಾಂದರ ಉತ್ತರಾಧಿಕಾರಿಗಳು ಇಂದು ಬ್ರಸೆಲ್ಸ್ ನಗರದಲ್ಲಿ ಕೆಲಸ ಮುಂದುವರಿಸಿದ್ದಾರೆ. ಪಾಪೆಬ್ರೋಕರ ಏಪ್ರಿಲ್ ಸಂಪುಟವೂ ಅವರ ಗ್ರಂಥಾಲಯದಲ್ಲಿ ಓದಲು ಸಿಗುತ್ತದೆ.