ನಿಮಿಷ, ಸೆಕೆಂಡು, ಜಿಬಿ: ಮೊಬೈಲ್ ಪೈಪೋಟಿಯ ಮೂರು ದಶಕ

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತಾದಿಂದ ದೆಹಲಿಗೆ ಹೋಯಿತು. ಅತ್ತ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಇತ್ತ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್. ಆಗ ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೂ ದರವಿತ್ತು. ಬಂದ ಕರೆ ಎತ್ತಿದರೂ ದುಡ್ಡು. ಒಂದು ವಲಯಕ್ಕೆ ಎರಡೇ ಖಾಸಗಿ ಕಂಪನಿ ಎಂಬುದು ಸರ್ಕಾರದ ಲೆಕ್ಕಾಚಾರ. ಕರ್ನಾಟಕದ ಪಾಲಿಗೆ ಜೆಟಿಎಂ ಮತ್ತು ಸ್ಪೈಸ್ ಬಂದವು. ಹರಾಜಿನಲ್ಲಿ ಕೂಗಿದ ಭಾರೀ ಲೈಸೆನ್ಸ್ ಶುಲ್ಕ ಕಟ್ಟಲು ಕಂಪನಿಗಳೇ ಏದುಸಿರು ಬಿಡುತ್ತಿದ್ದವು. 1999ರ ದೂರಸಂಪರ್ಕ ನೀತಿ ಆ ಶುಲ್ಕವನ್ನು ಆದಾಯದ ಪಾಲಿಗೆ ಬದಲಿಸಿದ ಮೇಲೆಯೇ ಪೈಪೋಟಿಗೆ ನಿಜವಾದ ಜೀವ ಬಂದದ್ದು.

2002ರ ಕೊನೆಯ ತಿಂಗಳುಗಳಲ್ಲಿ ಬಿಎಸ್ಎನ್ಎಲ್ ಮತ್ತು ರಿಲಯನ್ಸ್ ಮೊಬೈಲ್ ಕಣಕ್ಕಿಳಿದವು. ಮರುವರ್ಷದ ಮಳೆಗಾಲದಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಕೈಗೆ ಫೋನ್ ಕೊಟ್ಟಿತು. ಅದೇ 2003ರಲ್ಲಿ ಇನ್‌ಕಮಿಂಗ್ ಉಚಿತವಾಯಿತು. ಕರೆ ಮಾಡಿದವರೇ ಹಣ ಕೊಡಬೇಕು ಎಂಬ ಹೊಸ ನಿಯಮ ಅದರ ಬೆನ್ನಿಗಿತ್ತು. ಮಿಸ್ಡ್ ಕಾಲ್ ಎಂಬ ನಮ್ಮವರ ಜಾಣತನಕ್ಕೆ ಇಂಬು ಸಿಕ್ಕಿದ್ದೂ ಇದರಿಂದಲೇ.

ದರ ಇಳಿದ ಮೇಲೆ ಕಂಪನಿ ಉಳಿಯುವುದು ಹೇಗೆ? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಈ ಕಾಲದ ಅತಿ ದೊಡ್ಡ ಆವಿಷ್ಕಾರ ಎಂದು ನಾನು ನಂಬಿದ್ದೇನೆ. 2004ರಲ್ಲಿ ಏರ್‌ಟೆಲ್ ತನ್ನ ಜಾಲ ಕಟ್ಟಿ ನಡೆಸುವ ಕೆಲಸವನ್ನು ಎರಿಕ್ಸನ್, ನೋಕಿಯಾಗಳಿಗೂ ಕಂಪ್ಯೂಟರ್ ವ್ಯವಸ್ಥೆಯನ್ನು ಐಬಿಎಂಗೂ ವಹಿಸಿತು. ದೂರಸಂಪರ್ಕ ಕಂಪನಿಯೊಂದು ತನ್ನ ಜಾಲವನ್ನೇ ಹೊರಗಿನವರ ಕೈಗೆ ಕೊಡುವುದು ಆಗ ಯಾರೂ ಊಹಿಸದ ಮಾತು. 2007ರಲ್ಲಿ ಏರ್‌ಟೆಲ್‌ನ ಭಾರ್ತಿ, ವೊಡಾಫೋನ್, ಐಡಿಯಾ ಸೇರಿ ಇಂಡಸ್ ಟವರ್ಸ್ ಕಟ್ಟಿದವು. ಗಿರಾಕಿಗಾಗಿ ಹಗಲೆಲ್ಲ ಕಿತ್ತಾಡುವವರು ಒಂದೇ ಟವರಿನಲ್ಲಿ ಆಂಟೆನಾ ಕಟ್ಟಿಕೊಂಡರು. ಒಬ್ಬೊಬ್ಬರೂ ಬೇರೆ ಟವರ್ ನಿಲ್ಲಿಸುವ ಖರ್ಚು ತಪ್ಪಿತು. ಸಣ್ಣ ಊರುಗಳಿಗೂ ಸಿಗ್ನಲ್ ಮುಟ್ಟಿಸಲು ಅನುಕೂಲವಾಯಿತು.

2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಹತ್ತು ಸೆಕೆಂಡು ಮಾತಾಡಿ ಒಂದು ನಿಮಿಷದ ದುಡ್ಡು ತೆರುವ ಪದ್ಧತಿ ತಿಂಗಳುಗಳಲ್ಲೇ ಕುಸಿಯಿತು, ಉಳಿದವರೆಲ್ಲ ಅದೇ ದಾರಿ ಹಿಡಿದರು. 2011ರ ಜನವರಿಯಲ್ಲಿ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಬಂತು. ಮರುವರ್ಷ 2ಜಿ ಹಂಚಿಕೆಯ ಹಗರಣದಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸುಗಳನ್ನು ರದ್ದು ಮಾಡಿತು.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಅದು ಹಳೆಯ 2ಜಿ ಜಾಲವೇ ಇಲ್ಲದೆ ಬರೀ 4ಜಿಯಲ್ಲಿ ಹುಟ್ಟಿದ ಕಂಪನಿ. ಮಾತೂ ಡೇಟಾದ ಮೇಲೆಯೇ ಸಾಗುತ್ತಿದ್ದುದರಿಂದ ಕರೆಗೆ ಬೇರೆ ಬೆಲೆ ಕಟ್ಟುವ ಗೋಜೇ ಇರಲಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಎಲ್ಲವೂ ಉಚಿತ. ಇದು ಅನ್ಯಾಯದ ದರ ಎಂದು ಏರ್‌ಟೆಲ್ ಕೊಟ್ಟ ದೂರನ್ನು ಸ್ಪರ್ಧಾ ಆಯೋಗ 2017ರಲ್ಲಿ ತಳ್ಳಿಹಾಕಿತು. ಜಿಬಿಗೆ ಇನ್ನೂರೈವತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಡೇಟಾ ಕೆಲವೇ ರೂಪಾಯಿಗೆ ಇಳಿಯಿತು. ಹಳ್ಳಿಯ ಹುಡುಗಿ ಪರೀಕ್ಷೆಯ ಪಾಠ ಕೇಳಿದ್ದು, ತರಕಾರಿ ಗಾಡಿಯ ಮೇಲೆ ಯುಪಿಐ ಫಲಕ ಕೂತದ್ದು ಈ ಅಗ್ಗದ ಡೇಟಾ ಇಲ್ಲದೆ ಆಗುತ್ತಿರಲಿಲ್ಲ.

ಆದರೆ ಏರ್‌ಸೆಲ್ ದಿವಾಳಿಯಾಯಿತು, ಟಾಟಾ ತನ್ನ ಮೊಬೈಲ್ ಗ್ರಾಹಕರನ್ನು ಏರ್‌ಟೆಲ್‌ಗೆ ಒಪ್ಪಿಸಿ ಹೊರನಡೆಯಿತು, ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ಮೂರು ಖಾಸಗಿ ಕಂಪನಿ, ಜೊತೆಗೆ ಬಿಎಸ್ಎನ್ಎಲ್: ಮುಖ್ಯವಾಗಿ ಇಷ್ಟೇ ಉಳಿದದ್ದು. 2019, 2021, 2024ರಲ್ಲಿ ಈ ಮೂರೂ ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದವು. ನನ್ನನ್ನು ಹೆಚ್ಚು ಕಾಡುವುದು ಇನ್‌ಕಮಿಂಗ್‌ಗೆ ಆದ ಗತಿ. 2018ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ಕರೆನ್ಸಿ ಹಾಕಿಸದಿದ್ದರೆ ಬರುವ ಕರೆಯನ್ನೂ ನಿಲ್ಲಿಸಲು ಹೊರಟವು. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು! ಮೂವತ್ತು ದಿನದ ಒಂದು ಪ್ಯಾಕಾದರೂ ಇರಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲಿ ಆದೇಶಿಸಬೇಕಾಯಿತು.

ಡೇಟಾ ಬೇಡದ ಕೀಪ್ಯಾಡ್ ಫೋನಿನವರೂ ಡೇಟಾಕ್ಕೆ ದುಡ್ಡು ತೆರುತ್ತಿದ್ದರು. ಅವರಿಗೆಂದು ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಕೊಡಿ ಎಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕಡ್ಡಾಯ ಮಾಡಿತು. ಬೆನ್ನಲ್ಲೇ ಜಿಯೋ, ಏರ್‌ಟೆಲ್ ತಂದ ಪ್ಯಾಕುಗಳು 84 ದಿನದವು, ಇಲ್ಲವೇ ಹೆಚ್ಚುಕಡಿಮೆ ಒಂದು ವರ್ಷದವು. ಕಡಿಮೆಯೆಂದರೂ ನಾನೂರು ದಾಟುವ ಆ ಹಣವನ್ನು ಕೂಲಿ ಮಾಡುವವರು ಒಂದೇ ಸಲಕ್ಕೆ ಹೊಂದಿಸಬೇಕಿತ್ತು.