ಕಲ್ಕತ್ತೆಯ ಪ್ರಥಮ ಮಹಾಪೌರ: ಚಿತ್ತರಂಜನ ದಾಸರ ಹದಿನಾಲ್ಕು ತಿಂಗಳು

ದೇಶಬಂಧು ಚಿತ್ತರಂಜನ ದಾಸರ ಹೆಸರು ಕೇಳಿದೊಡನೆ ಆಲೀಪುರ ಮೊಕದ್ದಮೆ, ಅಸಹಕಾರ ಚಳವಳಿ, ಸ್ವರಾಜ್ಯ ಪಕ್ಷ ಇವು ನಮ್ಮ ಸ್ಮರಣೆಗೆ ಬರುತ್ತವೆ. ಅವರು ಕಲ್ಕತ್ತೆಯ ಮೊದಲನೆಯ ಮೇಯರರಾಗಿದ್ದರೆಂಬ ಸಂಗತಿಯನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಇದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಸ್ವರಾಜ್ಯವೆಂಬ ಮಾತಿಗೆ ಆಡಳಿತದಲ್ಲಿ ಅರ್ಥವೇನೆಂಬ ಪ್ರಶ್ನೆಗೆ ಆ ಕಾಲದಲ್ಲಿ ದೊರೆತ ಉತ್ತರಗಳಲ್ಲಿ ಈ ಅಲ್ಪಾವಧಿಯ ಪ್ರಯೋಗವೂ ಒಂದು.

ಮೊದಲು ಆ ಪದವಿಯ ಹಿನ್ನೆಲೆಯನ್ನು ನೋಡಬೇಕು. 1899ರ ಕಾಯಿದೆಯು ಕಲ್ಕತ್ತೆಯ ಪೌರಸಭೆಯಲ್ಲಿ ಚುನಾಯಿತ ಸದಸ್ಯರ ಸಂಖ್ಯೆಯನ್ನು 50ರಿಂದ 25ಕ್ಕೆ ಇಳಿಸಿತು. ಇದನ್ನು ಪ್ರತಿಭಟಿಸಿ ಸುರೇಂದ್ರನಾಥ ಬ್ಯಾನರ್ಜಿಯವರೂ ಸೇರಿ 28 ಮಂದಿ ಸದಸ್ಯರು ರಾಜೀನಾಮೆಯಿತ್ತರು. ಅದೇ ಸುರೇಂದ್ರನಾಥರು 1921ರಲ್ಲಿ ಬಂಗಾಳದ ಸ್ಥಳೀಯ ಸ್ವಯಮಾಡಳಿತದ ಮಂತ್ರಿಗಳಾಗಿ, 1923ರ ಕಾಯಿದೆಯ ಮೂಲಕ ಆ ಅನ್ಯಾಯವನ್ನು ಸರಿಪಡಿಸಿದರು. ಚುನಾಯಿತರಿಗೆ ಬಹುಮತ, ಸ್ತ್ರೀಯರಿಗೆ ಮತಾಧಿಕಾರ, ಸದಸ್ಯರು ವರ್ಷಕ್ಕೊಮ್ಮೆ ಆರಿಸುವ ಮೇಯರ್, ಪೌರಸಭೆಯೇ ನೇಮಿಸುವ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇವು ಅದರ ಮುಖ್ಯಾಂಶಗಳು. ಆದರೆ ವಿಧಿಯ ವೈಚಿತ್ರ್ಯವನ್ನು ನೋಡಿರಿ: ಮರವನ್ನು ನೆಟ್ಟವರಿಗೆ ಫಲ ದಕ್ಕಲಿಲ್ಲ. 1923ರ ಚುನಾವಣೆಯಲ್ಲಿ ಆ ವೃದ್ಧ ನಾಯಕರು ಸ್ವರಾಜ್ಯ ಪಕ್ಷದ ಬೆಂಬಲ ಪಡೆದಿದ್ದ ಬಿಧಾನಚಂದ್ರ ರಾಯರಿಂದ ಪರಾಭವ ಹೊಂದಿದರು. 1924ರಲ್ಲಿ ಪೌರಸಭೆಯೂ ಆ ಪಕ್ಷದ ಕೈಸೇರಿತು.

ಏಪ್ರಿಲ್ 1924ರಲ್ಲಿ ಮಹಾಪೌರರಾದಾಗ ಚಿತ್ತರಂಜನರಿಗೆ 53 ವರ್ಷ. 1870ರಲ್ಲಿ ಜನಿಸಿದ ಅವರು ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರರಾಗಿ ಮರಳಿ, ಅರವಿಂದರ ಪರವಾಗಿ ವಾದಿಸಿ ಕೀರ್ತಿವಂತರಾದವರು. ತಂದೆಯ ಸಾಲಗಳನ್ನು ತೀರಿಸುವ ಹೊಣೆ ಕಾನೂನಿನಂತೆ ತಮ್ಮ ಮೇಲಿಲ್ಲದಿದ್ದರೂ ತೀರಿಸಿದವರು. ಅಸಹಕಾರದ ಕರೆಗೆ ಓಗೊಟ್ಟು ವಿಪುಲ ಸಂಪಾದನೆಯ ವೃತ್ತಿಯನ್ನು ತ್ಯಜಿಸಿ ಕಾರಾಗೃಹವನ್ನೂ ಕಂಡವರು. ಪರರ ಹಣದ ವಿಷಯದಲ್ಲಿ ಇಂತಹ ಸೂಕ್ಷ್ಮ ಮನಸ್ಸುಳ್ಳವರು ತೆರಿಗೆದಾರರ ಬೊಕ್ಕಸದ ಮುಂದೆ ಬಂದು ನಿಂತರು.

ತಮ್ಮ ಪ್ರಥಮ ಭಾಷಣದಲ್ಲಿ ಅವರು ಮಂಡಿಸಿದ ಕಾರ್ಯಕ್ರಮವು ಗಮನಾರ್ಹವಾದುದು. ಉಚಿತ ಪ್ರಾಥಮಿಕ ಶಿಕ್ಷಣ, ಬಡವರಿಗೆ ಉಚಿತ ವೈದ್ಯೋಪಚಾರ, ಶುದ್ಧವೂ ಸುಲಭ ಬೆಲೆಯದೂ ಆದ ಆಹಾರ ಮತ್ತು ಹಾಲು, ಉತ್ತಮ ನೀರು, ಒಳಚರಂಡಿ, ಬಡವರ ವಸತಿ, ಹೊರವಲಯಗಳ ಅಭಿವೃದ್ಧಿ, ಕಡಮೆ ವೆಚ್ಚದಲ್ಲಿ ದಕ್ಷ ಆಡಳಿತ. ದರಿದ್ರನಾರಾಯಣನ ಸೇವೆಯೆಂಬ ಆದರ್ಶವನ್ನು ಅವರು ಈ ಚರಂಡಿ, ಹಾಲುಗಳ ಲೆಕ್ಕಾಚಾರಕ್ಕೆ ಇಳಿಸಿದರು.

ಕಾರ್ಯವನ್ನು ನಡೆಸಲು ಅವರು ಆರಿಸಿದ್ದು ಇಪ್ಪತ್ತೇಳು ವಯಸ್ಸಿನ ಸುಭಾಷಚಂದ್ರ ಬೋಸರನ್ನು. ತಿಂಗಳಿಗೆ 3000 ರೂಪಾಯಿ ಸಂಬಳದ ಹುದ್ದೆಗೆ ಬೋಸರು 1500 ಮಾತ್ರ ಪಡೆಯಲು ಒಪ್ಪಿದರು. ಪೌರಸಭೆಯು ಶಿಕ್ಷಣ ಇಲಾಖೆಯನ್ನು ತೆರೆಯಿತು. ನೌಕರರಿಗೆ ಖಾದಿಯ ಸಮವಸ್ತ್ರ ಬಂತು. ಪೌರ ಸನ್ಮಾನಗಳು ವೈಸರಾಯರನ್ನು ಬಿಟ್ಟು ರಾಷ್ಟ್ರನಾಯಕರಿಗೆ ಸಲ್ಲತೊಡಗಿದವು. ಆದರೆ 1924ರ ಅಕ್ಟೋಬರ್ 25ರಂದು ಸರ್ಕಾರವು ಬೋಸರನ್ನು ವಿಚಾರಣೆಯಿಲ್ಲದೆ ಬಂಧಿಸಿತು. ಕೆಲವು ವಾರಗಳ ಕಾಲ ಅವರು ಸೆರೆಮನೆಯಿಂದಲೇ ಕಡತಗಳನ್ನು ನೋಡಿದರು. ಅನಂತರ ದೂರದ ಮಂಡಾಲೆಗೆ ಕಳುಹಿಸಲ್ಪಟ್ಟರು. ಚುನಾಯಿತ ಪೌರಾಡಳಿತದ ಮಿತಿಯು ಯಾವುದೆಂಬುದನ್ನು ಈ ಬಂಧನವೇ ತಿಳಿಸಿಕೊಟ್ಟಿತು.

ಇನ್ನೊಂದು ವಿಷಯ ಹೆಚ್ಚು ವಿವಾದಾಸ್ಪದವಾದುದು. 1923ರ ಬಂಗಾಳ ಒಪ್ಪಂದದ ಮೂಲಕ ಚಿತ್ತರಂಜನರು ಮುಸಲ್ಮಾನರಿಗೆ ಹುದ್ದೆಗಳಲ್ಲಿ ನ್ಯಾಯವಾದ ಪಾಲನ್ನು ವಾಗ್ದಾನ ಮಾಡಿದ್ದರು. ಕಾಕಿನಾಡ ಕಾಂಗ್ರೆಸ್ಸು ಅದನ್ನು ಒಪ್ಪಲಿಲ್ಲ. ಆದರೂ ಪೌರಸಭೆಯಲ್ಲಿ ಹುಸೇನ್ ಷಹೀದ್ ಸುಹ್ರವರ್ದಿಯವರು ಉಪಮಹಾಪೌರರಾದರು. ಹೊಸ ನೇಮಕಗಳಲ್ಲಿ ಮುಸಲ್ಮಾನರಿಗೆ ಅಧಿಕ ಸ್ಥಾನಗಳು ದೊರೆತವು. ಇದಕ್ಕಾಗಿ ಹಿಂದೂ ಮಧ್ಯಮವರ್ಗದವರು ಮಹಾಪೌರರನ್ನು ಕಟುವಾಗಿ ಟೀಕಿಸಿದರು. ಪೌರಸಭೆಯ ಹುದ್ದೆಗಳು ಪಕ್ಷದ ಬಲವರ್ಧನೆಗೆ ಸಾಧನವಾದವೆಂಬ ಆಕ್ಷೇಪಣೆಯನ್ನು ನಾವು ಪೂರ್ಣವಾಗಿ ಅಲ್ಲಗಳೆಯಲಾರೆವು. ಆದರೆ ಬಹುಕಾಲ ಹೊರಗುಳಿದವರನ್ನು ಒಳಕ್ಕೆ ಕರೆಯದೆ ಐಕ್ಯವನ್ನು ಬೋಧಿಸುವುದು ವ್ಯರ್ಥವೆಂಬ ಅವರ ದೃಷ್ಟಿಯನ್ನು ಆ ಆಕ್ಷೇಪಣೆಯು ಸುಳ್ಳಾಗಿಸುವುದಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ಸು, ಸ್ವರಾಜ್ಯ ಪಕ್ಷದೊಡನೆ ಕಲ್ಕತ್ತೆಯಲ್ಲಿ ಆಗಿದ್ದ ಒಡಂಬಡಿಕೆಯನ್ನು ಅಂಗೀಕರಿಸಿತು. ಆದರೆ ದೇಹಸ್ಥಿತಿ ಕುಗ್ಗುತ್ತಿತ್ತು. 1925ರಲ್ಲಿ ಮರಳಿ ಮಹಾಪೌರರಾಗಿ ಆಯ್ಕೆಯಾದ ಚಿತ್ತರಂಜನರು ಜೂನ್ 16ರಂದು ದಾರ್ಜಿಲಿಂಗಿನಲ್ಲಿ ನಿಧನರಾದರು. ಮರುವರ್ಷವೇ ಕಲ್ಕತ್ತೆಯಲ್ಲಿ ಮತೀಯ ಗಲಭೆಗಳು ನಡೆದವು. ಬಂಗಾಳದ ಕಾಂಗ್ರೆಸ್ಸಿಗರೇ ಆ ಒಪ್ಪಂದವನ್ನು ಕೈಬಿಟ್ಟರು.

ಹದಿನಾಲ್ಕು ತಿಂಗಳಲ್ಲಿ ಒಂದು ಮಹಾನಗರದ ಕೊಳೆ ತೊಳೆಯುವುದಿಲ್ಲ. ಅವರು ಎಣಿಸಿದ ಕಾರ್ಯಗಳಲ್ಲಿ ಬಹುಪಾಲು ಅವರ ತರುವಾಯದವರಿಗೆ ಉಳಿದವು. ಆದರೂ ಪೌರಾಡಳಿತದ ಅಳತೆಗೋಲು ಬೀದಿಯ ಅಂದವಲ್ಲ, ಬಡವನ ಮಗುವಿನ ಶಾಲೆ ಮತ್ತು ಹಾಲು ಎಂಬುದನ್ನು ಅವರು ಅಧಿಕೃತ ಪೀಠದಿಂದ ಸಾರಿದರು. ಅವರು ಲೋಕಾರ್ಪಣ ಮಾಡಿದ ಸ್ವಂತ ಮನೆಯು 1926ರಲ್ಲಿ ಚಿತ್ತರಂಜನ ಸೇವಾಸದನವೆಂಬ ಆಸ್ಪತ್ರೆಯಾಯಿತು. ಅವರ ಪ್ರಥಮ ಭಾಷಣದ ಒಂದು ಅಂಶವನ್ನಾದರೂ ಆ ಮನೆಯು ಅವರ ಪರವಾಗಿ ನೆರವೇರಿಸಿತೆಂದು ನಾವು ಹೇಳಬಹುದು.